ಎರಡನೆಯವನ ಹೋರಾಟ: ಬೇಸ್‌ಬಾಲ್ ತಾರೆ ಲ್ಯಾರಿ ಡೋಬಿ ಬದುಕು-ಸಾಧನೆ

ಮೊದಲಿಗರನ್ನು ಜಗತ್ತು ನೆನಪಿಡುತ್ತದೆ. ಎರಡನೆಯವರನ್ನು ಮರೆಯುತ್ತದೆ. ಅಮೆರಿಕದ ವೃತ್ತಿಪರ ಬೇಸ್‌ಬಾಲ್‌ನಲ್ಲಿ ವರ್ಣಭೇದದ ಗೋಡೆಯನ್ನು ಒಡೆದವರು ಯಾರು ಎಂದು ಕೇಳಿದರೆ ಕ್ರೀಡಾಸಕ್ತರೆಲ್ಲ ಜಾಕಿ ರಾಬಿನ್ಸನ್ ಹೆಸರನ್ನು ಹೇಳುತ್ತಾರೆ. ಉತ್ತರ ಸರಿಯೇ. ಆದರೆ ರಾಬಿನ್ಸನ್ ಒಡೆದದ್ದು ಆ ಗೋಡೆಯ ಅರ್ಧ ಭಾಗವನ್ನು ಮಾತ್ರ. ಉಳಿದರ್ಧವನ್ನು ಕೇವಲ ಹನ್ನೊಂದು ವಾರಗಳ ಅಂತರದಲ್ಲಿ ಕೆಡವಿದವರು ಲ್ಯಾರಿ ಡೋಬಿ. ರಾಬಿನ್ಸನ್ ಕೇಳಿದ ಬೈಗುಳಗಳನ್ನೇ ಅವರೂ ಕೇಳಿದರು, ಅದೇ ಹೋಟೆಲುಗಳ ಬಾಗಿಲಿನಿಂದ ಹಿಂದಕ್ಕೆ ಬಂದರು. ಆದರೆ ರಾಬಿನ್ಸನ್‌ಗೆ ದೊರೆತ ಕೀರ್ತಿಯ ಸಣ್ಣ ಪಾಲು ಕೂಡ ಅವರಿಗೆ ದಕ್ಕಲು ಅರ್ಧ ಶತಮಾನ ಬೇಕಾಯಿತು.

ಬರೆಯದ ಕಾನೂನು

ಡೋಬಿ ಅವರ ಸಾಧನೆಯನ್ನು ಅರ್ಥ ಮಾಡಿಕೊಳ್ಳಲು ಅಂದಿನ ಬೇಸ್‌ಬಾಲ್ ವ್ಯವಸ್ಥೆಯನ್ನು ತಿಳಿಯುವುದು ಅಗತ್ಯ. 1947ರಲ್ಲಿ ಅಮೆರಿಕದ ಉನ್ನತ ದರ್ಜೆಯ ಬೇಸ್‌ಬಾಲ್ ಎರಡು ಲೀಗ್‌ಗಳಲ್ಲಿ ಹಂಚಿಹೋಗಿತ್ತು. ನ್ಯಾಷನಲ್ ಲೀಗ್‌ನಲ್ಲಿ ಎಂಟು ಮತ್ತು ಅಮೆರಿಕನ್ ಲೀಗ್‌ನಲ್ಲಿ ಎಂಟು, ಒಟ್ಟು ಹದಿನಾರು ತಂಡಗಳು. ಋತುವಿಡೀ ಪ್ರತಿ ಲೀಗಿನ ತಂಡಗಳು ತಮ್ಮತಮ್ಮಲ್ಲೇ ತಲಾ 154 ಪಂದ್ಯಗಳನ್ನು ಆಡುತ್ತಿದ್ದವು. ಎರಡೂ ಲೀಗಿನ ಅಗ್ರ ತಂಡಗಳು ಕೊನೆಯಲ್ಲಿ ‘ವರ್ಲ್ಡ್ ಸೀರೀಸ್’ ಎಂಬ ಅಂತಿಮ ಸರಣಿಯಲ್ಲಿ ಮುಖಾಮುಖಿಯಾಗುತ್ತಿದ್ದವು. ಅಂದರೆ ಒಂದು ಲೀಗಿನಲ್ಲಿ ನಡೆದ ಬದಲಾವಣೆ ಇನ್ನೊಂದನ್ನು ತಾನಾಗಿಯೇ ತಟ್ಟುತ್ತಿರಲಿಲ್ಲ. ತಂಡದ ಮಾಲೀಕರು, ನಗರಗಳು, ಪ್ರೇಕ್ಷಕರು ಎಲ್ಲವೂ ಬೇರೆ.

ಈ ಹದಿನಾರು ತಂಡಗಳಲ್ಲಿ ಕಪ್ಪು ವರ್ಣೀಯರಿಗೆ ಪ್ರವೇಶವಿಲ್ಲ ಎಂಬ ನಿಯಮ ಯಾವ ಪುಸ್ತಕದಲ್ಲೂ ಇರಲಿಲ್ಲ. ಮಾಲೀಕರ ನಡುವಣ ಮೌನ ಒಪ್ಪಂದವೇ ಕಾನೂನಾಗಿತ್ತು. 1884ರಲ್ಲಿ ಟೊಲೆಡೊ ತಂಡದ ಪರವಾಗಿ ಮೋಸೆಸ್ ಫ್ಲೀಟ್‌ವುಡ್ ವಾಕರ್ ಆಡಿದ ಬಳಿಕ ಆರು ದಶಕಗಳ ಕಾಲ ಆ ಬಾಗಿಲು ಮುಚ್ಚಿಯೇ ಇತ್ತು. ಪ್ರತಿಭಾವಂತ ಕಪ್ಪು ಆಟಗಾರರು ತಮ್ಮದೇ ‘ನೀಗ್ರೋ ಲೀಗ್’ಗಳಲ್ಲಿ ಆಡುತ್ತಿದ್ದರು. ಅಲ್ಲಿ ಪ್ರತಿಭೆಗೆ ಕೊರತೆಯಿರಲಿಲ್ಲ. ಹಣಕ್ಕೆ, ಸೌಕರ್ಯಕ್ಕೆ, ಪ್ರಚಾರಕ್ಕೆ ಕೊರತೆಯಿತ್ತು.

ಬಾಲ್ಯ ಮತ್ತು ಶಾಲಾ ದಿನಗಳು

ಲಾರೆನ್ಸ್ ಯೂಜೀನ್ ಡೋಬಿ ಜನಿಸಿದ್ದು 1923ರ ಡಿಸೆಂಬರ್ 13ರಂದು, ದಕ್ಷಿಣ ಕೆರೊಲಿನಾ ರಾಜ್ಯದ ಕ್ಯಾಮ್ಡೆನ್ ಪಟ್ಟಣದಲ್ಲಿ. ತಂದೆ ಡೇವಿಡ್ ಕುದುರೆಗಳ ಪಾಲನೆಯ ಕೆಲಸ ಮಾಡುತ್ತಿದ್ದರು. ಬಿಡುವಿನಲ್ಲಿ ಬೇಸ್‌ಬಾಲ್ ಆಡುತ್ತಿದ್ದರು. ಮಗ ಇನ್ನೂ ಚಿಕ್ಕವನಿದ್ದಾಗಲೇ ಅವರು ನೀರಿನಲ್ಲಿ ಮುಳುಗಿ ತೀರಿಕೊಂಡರು. ತಾಯಿ ಎಟ್ಟಾ ಕೆಲಸ ಅರಸಿ ಉತ್ತರದ ನ್ಯೂಜೆರ್ಸಿ ರಾಜ್ಯದ ಪ್ಯಾಟರ್ಸನ್ ನಗರಕ್ಕೆ ಹೋದರು. ಡೋಬಿ ಹದಿಹರೆಯದಲ್ಲಿ ತಾಯಿಯನ್ನು ಸೇರಿಕೊಂಡು ಅಲ್ಲಿನ ಈಸ್ಟ್‌ಸೈಡ್ ಪ್ರೌಢಶಾಲೆಗೆ ದಾಖಲಾದರು.

ಶಾಲೆಯಲ್ಲಿ ಬೇಸ್‌ಬಾಲ್, ಬ್ಯಾಸ್ಕೆಟ್‌ಬಾಲ್, ಅಮೆರಿಕನ್ ಫುಟ್‌ಬಾಲ್ ಮತ್ತು ಅಥ್ಲೆಟಿಕ್ಸ್, ಹೀಗೆ ನಾಲ್ಕು ಕ್ರೀಡೆಗಳಲ್ಲೂ ಅವರದು ಮೊದಲ ಸಾಲಿನ ಹೆಸರು. ಶಾಲೆಯ ಫುಟ್‌ಬಾಲ್ ತಂಡ ರಾಜ್ಯ ಪ್ರಶಸ್ತಿ ಗೆದ್ದಾಗ ಫ್ಲಾರಿಡಾದಲ್ಲಿ ಆಡಲು ಆಹ್ವಾನ ಬಂತು. ಆದರೆ ಷರತ್ತೊಂದಿತ್ತು: ಕಪ್ಪು ಹುಡುಗ ಡೋಬಿ ಬರುವಂತಿಲ್ಲ. ತಂಡದ ಹುಡುಗರು ಮತ ಹಾಕಿ ಪ್ರವಾಸವನ್ನೇ ಕೈಬಿಟ್ಟರು. ಜತೆಗಾರರು ತಮಗಾಗಿ ಒಂದು ಸಂತೋಷವನ್ನು ತ್ಯಜಿಸಿದ ಈ ಪ್ರಸಂಗ ನಡೆದದ್ದು ಡೋಬಿ ವೃತ್ತಿಪರ ಕ್ರೀಡೆಗೆ ಕಾಲಿಡುವ ಮುನ್ನ. ಮುಂದೆ ಎದುರಾದ ಜತೆಗಾರರೆಲ್ಲ ಅಂಥವರಾಗಿರಲಿಲ್ಲ.

ಈಗಲ್ಸ್ ತಂಡ, ನೌಕಾಪಡೆ

1942ರಲ್ಲಿ, ಹದಿನೆಂಟರ ಹರೆಯದಲ್ಲಿ, ಡೋಬಿ ನೀಗ್ರೋ ನ್ಯಾಷನಲ್ ಲೀಗಿನ ನ್ಯೂಆರ್ಕ್ ಈಗಲ್ಸ್ ತಂಡದ ಪರೀಕ್ಷೆಗೆ ಹಾಜರಾದರು. ಪರೀಕ್ಷೆ ನಡೆದದ್ದು ಪ್ಯಾಟರ್ಸನ್‌ನ ಹಿಂಚ್‌ಲಿಫ್ ಕ್ರೀಡಾಂಗಣದಲ್ಲಿ. ಕಾಲೇಜು ಕ್ರೀಡೆಗೆ ಬೇಕಾದ ಹವ್ಯಾಸಿ ಅರ್ಹತೆ ತಪ್ಪಿಹೋಗಬಾರದೆಂದು ಅವರು ಆಡಿದ್ದು ‘ಲ್ಯಾರಿ ವಾಕರ್’ ಎಂಬ ಹೆಸರಿನಲ್ಲಿ. ಬಳಿಕ ಕಾಲೇಜು ಸೇರಿದರಾದರೂ ಎರಡನೇ ಮಹಾಯುದ್ಧ ಓದನ್ನು ನಿಲ್ಲಿಸಿತು. ನೌಕಾಪಡೆಗೆ ಸೇರಿದ ಅವರನ್ನು ಅಲ್ಲೂ ವರ್ಣಾಧಾರಿತ ವಿಂಗಡಣೆಯೇ ಸ್ವಾಗತಿಸಿತು. ಪೆಸಿಫಿಕ್ ಸಾಗರದ ಉಲಿಥಿ ಹವಳದ್ವೀಪದಲ್ಲಿದ್ದಾಗ, 1945ರ ಅಕ್ಟೋಬರ್‌ನಲ್ಲಿ, ಬ್ರೂಕ್ಲಿನ್ ಡಾಡ್ಜರ್ಸ್ ಸಂಸ್ಥೆಯು ಜಾಕಿ ರಾಬಿನ್ಸನ್‌ರನ್ನು ತನ್ನ ಅಧೀನ ತಂಡವಾದ ಮಾಂಟ್ರಿಯಲ್‌ಗೆ ಸೇರಿಸಿಕೊಂಡ ಸುದ್ದಿ ಅವರ ಕಿವಿಗೆ ಬಿತ್ತು. ತಮಗೂ ಒಂದು ದಾರಿ ಇರಬಹುದು ಎಂದು ಡೋಬಿಗೆ ಮೊದಲ ಬಾರಿಗೆ ಅನ್ನಿಸಿದ್ದು ಆಗ.

1946ರಲ್ಲಿ ಸೇನೆಯಿಂದ ಮರಳಿದ ಡೋಬಿ ವಿವಾಹವಾದರು. ಅದೇ ವರ್ಷ ಮಾಂಟಿ ಇರ್ವಿನ್ ಜತೆಗೂಡಿ ಈಗಲ್ಸ್ ತಂಡವನ್ನು ನೀಗ್ರೋ ವರ್ಲ್ಡ್ ಸೀರೀಸ್ ಗೆಲುವಿನತ್ತ ಒಯ್ದರು. ಬಲಾಢ್ಯ ಕಾನ್ಸಾಸ್ ಸಿಟಿ ಮೊನಾರ್ಕ್ಸ್ ತಂಡವನ್ನು ಈಗಲ್ಸ್ 4-3 ಅಂತರದಿಂದ ಮಣಿಸಿತು. ತಂಡದ ವ್ಯವಹಾರಗಳನ್ನು ನಡೆಸುತ್ತಿದ್ದವರು ಎಫಾ ಮ್ಯಾನ್ಲಿ. ಬೇಸ್‌ಬಾಲ್ ಕೀರ್ತಿಭವನಕ್ಕೆ 2006ರಲ್ಲಿ ಆಯ್ಕೆಯಾದ ಮೊದಲ ಮಹಿಳೆ ಇವರೇ.

ಹತ್ತು ಸಾವಿರ ಡಾಲರ್ ವ್ಯವಹಾರ

ಇತ್ತ ಅಮೆರಿಕನ್ ಲೀಗಿನ ಕ್ಲೀವ್‌ಲ್ಯಾಂಡ್ ಇಂಡಿಯನ್ಸ್ ತಂಡವನ್ನು 1946ರಲ್ಲಿ ಬಿಲ್ ವೀಕ್ ಖರೀದಿಸಿದ್ದರು. ಯುದ್ಧಕಾಲದ ಸೇವೆಯಲ್ಲಿ ಕಾಲಿಗೆ ತೀವ್ರ ಗಾಯವಾಗಿ ಅದರ ಒಂದು ಭಾಗವನ್ನೇ ಕಳೆದುಕೊಂಡಿದ್ದ ಈ ಮಾಲೀಕರು ಪ್ರೇಕ್ಷಕರನ್ನು ಸೆಳೆಯುವ ಚಮತ್ಕಾರಗಳಿಗೆ ಹೆಸರಾದವರು. ಕಪ್ಪು ಆಟಗಾರರನ್ನು ತಮ್ಮ ತಂಡಕ್ಕೆ ಸೇರಿಸಿಕೊಳ್ಳಬೇಕೆಂದು ಅವರು ಗಂಭೀರವಾಗಿಯೇ ಯೋಚಿಸಿದ್ದರು. ಅವರ ಆಯ್ಕೆ ಡೋಬಿ.

ಡಾಡ್ಜರ್ಸ್‌ನ ಬ್ರಾಂಚ್ ರಿಕಿ ರಾಬಿನ್ಸನ್‌ರನ್ನು ಸೇರಿಸಿಕೊಂಡಾಗ ಅವರ ಹಿಂದಿನ ತಂಡವಾದ ಮೊನಾರ್ಕ್ಸ್‌ಗೆ ಬಿಡಿಗಾಸನ್ನೂ ಕೊಟ್ಟಿರಲಿಲ್ಲ. ವೀಕ್ ಹಾಗೆ ಮಾಡಲಿಲ್ಲ. ಡೋಬಿ ಅವರ ಒಪ್ಪಂದಕ್ಕೆ ಈಗಲ್ಸ್ ತಂಡಕ್ಕೆ 10,000 ಡಾಲರ್, ಅವರು ತಂಡದಲ್ಲಿ ಉಳಿದುಕೊಂಡರೆ ಮತ್ತೆ 5,000 ಡಾಲರ್ ನೀಡಲು ಒಪ್ಪಿದರು. ಅಷ್ಟೇ ಸಾಮರ್ಥ್ಯದ ಬಿಳಿಯ ಆಟಗಾರನಿಗಾದರೆ ಇದರ ಅನೇಕ ಪಟ್ಟು ಹಣ ತೆರಬೇಕಾಗುತ್ತಿತ್ತು ಎಂಬುದು ಮ್ಯಾನ್ಲಿ ಅವರಿಗೂ ತಿಳಿದಿತ್ತು. ಆದರೂ ಡೋಬಿಯ ದಾರಿಗೆ ಅಡ್ಡಬರಲು ಅವರು ಸಿದ್ಧರಿರಲಿಲ್ಲ.

ಒಂದು ದಿನದ ಅಂತರ

ಇಲ್ಲಿ ರಾಬಿನ್ಸನ್ ಮತ್ತು ಡೋಬಿ ನಡುವಣ ಮುಖ್ಯ ವ್ಯತ್ಯಾಸವನ್ನು ಗಮನಿಸಬೇಕು. ರಾಬಿನ್ಸನ್‌ಗೆ 1946ರ ಇಡೀ ಋತುವನ್ನು ಮಾಂಟ್ರಿಯಲ್‌ನಲ್ಲಿ ಕಳೆದು ಬಿಳಿಯರ ನಡುವೆ ಆಡಿ ಪಳಗುವ ಅವಕಾಶ ಸಿಕ್ಕಿತ್ತು. 1947ರ ವಸಂತಕಾಲದ ತರಬೇತಿ ಶಿಬಿರವೂ ಇತ್ತು. ರಿಕಿ ಅವರು ಎಲ್ಲವನ್ನೂ ತಿಂಗಳುಗಳ ಮೊದಲೇ ಯೋಜಿಸಿದ್ದರು. ಡೋಬಿಗೆ ಇದಾವುದೂ ಇರಲಿಲ್ಲ. 1947ರ ಜುಲೈ 4ರಂದು ನ್ಯೂಆರ್ಕ್‌ನಲ್ಲಿ ಈಗಲ್ಸ್ ಪರ ಒಂದು ಪಂದ್ಯ ಆಡಿ, ರಾತ್ರಿಯ ರೈಲು ಹತ್ತಿ, ಜುಲೈ 5ರಂದು ಷಿಕಾಗೊ ನಗರದ ಕಾಮಿಸ್ಕಿ ಪಾರ್ಕ್‌ನಲ್ಲಿ ಇಂಡಿಯನ್ಸ್ ಸಮವಸ್ತ್ರ ತೊಟ್ಟು ನಿಂತರು. ಆಗ ಅವರಿಗೆ 23 ವರ್ಷ.

ಆ ದಿನ ಮಾಡಬಾರದ ಕೆಲಸಗಳ ಒಂದು ಪಟ್ಟಿಯನ್ನೇ ವೀಕ್ ಅವರು ಡೋಬಿಯ ಮುಂದಿಟ್ಟರು. ಅಂಪೈರ್‌ಗಳ ಜತೆ ವಾದಿಸುವಂತಿಲ್ಲ. ಎದುರಾಳಿಗಳ ಬೈಗುಳಕ್ಕೆ ಉತ್ತರಿಸುವಂತಿಲ್ಲ. ಪ್ರೇಕ್ಷಕರತ್ತ ತಿರುಗಿ ನೋಡುವಂತಿಲ್ಲ. ನಾಯಕನೂ ವ್ಯವಸ್ಥಾಪಕನೂ ಆಗಿದ್ದ ಲೂ ಬೂಡ್ರೋ ಹೊಸ ಆಟಗಾರನನ್ನು ಡ್ರೆಸಿಂಗ್ ಕೊಠಡಿಯಲ್ಲಿ ಒಬ್ಬೊಬ್ಬರಿಗೇ ಪರಿಚಯಿಸಿದರು. ಹಲವರು ಕೈಕುಲುಕಿದರು. ಕೆಲವರು ಕೈಚಾಚಲಿಲ್ಲ. ಮೈದಾನಕ್ಕೆ ಇಳಿದ ಮೇಲೆ ಎಲ್ಲರೂ ಜೋಡಿಗಳಾಗಿ ಚೆಂಡೆಸೆದು ಅಭ್ಯಾಸ ಮಾಡುತ್ತಿದ್ದಾಗ ಡೋಬಿ ಕೆಲ ನಿಮಿಷ ಒಬ್ಬರೇ ನಿಂತಿದ್ದರು. ಕೊನೆಗೆ ಸೆಕೆಂಡ್ ಬೇಸ್ ಆಟಗಾರ ಜೋ ಗಾರ್ಡನ್ ಅವರನ್ನು ಕರೆದು ಜತೆಗೆ ಆಡಿದರು. ಡೋಬಿ ಆಡುತ್ತಿದ್ದದ್ದೂ ಸೆಕೆಂಡ್ ಬೇಸ್‌ನಲ್ಲೇ. ಅಂದರೆ ಅವರಿಗೆ ಸ್ನೇಹಹಸ್ತ ಚಾಚಿದ ಗಾರ್ಡನ್ ಅವರೇ ಆ ಸ್ಥಾನಕ್ಕೆ ಅವರ ಪ್ರತಿಸ್ಪರ್ಧಿ.

ಪಂದ್ಯದ ಏಳನೇ ಇನಿಂಗ್ಸ್‌ನಲ್ಲಿ ಬದಲಿ ಬ್ಯಾಟರ್ ಆಗಿ ಇಳಿದ ಡೋಬಿ ಮೂರು ಸ್ಟ್ರೈಕ್‌ಗಳಿಗೆ ಔಟಾದರು. ಅವರ ಮುಖ ಉಳಿಸಲು ಮುಂದಿನ ಸರದಿಯ ಗಾರ್ಡನ್ ತಾವೂ ಬೇಕೆಂದೇ ಔಟಾದರು ಎಂಬ ಕಥೆ ಬಹುಕಾಲ ಚಾಲ್ತಿಯಲ್ಲಿತ್ತು. ಕೇಳಲು ಸೊಗಸಾದರೂ ಇದು ನಿಜವಲ್ಲ. ಆ ಹೊತ್ತಿನಲ್ಲಿ ಗಾರ್ಡನ್ ಥರ್ಡ್ ಬೇಸ್‌ನಲ್ಲಿ ನಿಂತಿದ್ದರು. ಮರುದಿನ ಡೋಬಿಯನ್ನು ಫಸ್ಟ್ ಬೇಸ್‌ನಲ್ಲಿ ಆಡಿಸಲಾಯಿತು. ಅಲ್ಲಿಗೆ ಬೇಕಾದ ವಿಶೇಷ ಕೈಗವಸು ಅವರ ಬಳಿ ಇರಲಿಲ್ಲ, ಎರವಲು ತರಬೇಕಾಯಿತು. ಆ ಋತುವಿನಲ್ಲಿ ಅವರು ಆರಂಭದಿಂದ ಆಡಿದ್ದು ಅದೊಂದೇ ಪಂದ್ಯ.

1947ರಲ್ಲಿ ಅವರು 29 ಪಂದ್ಯಗಳಲ್ಲಿ, ಬಹುತೇಕ ಬದಲಿ ಆಟಗಾರನಾಗಿ, 32 ಬಾರಿ ಬ್ಯಾಟ್ ಬೀಸಿ ಕೇವಲ 5 ಹಿಟ್ ಗಳಿಸಿದರು. ಪ್ರತಿಭಟಿಸಿ 20,000ದಷ್ಟು ಪತ್ರಗಳು ಬಂದವೆಂದು ವೀಕ್ ಹೇಳಿಕೊಂಡಿದ್ದಾರೆ. ಪ್ರಯೋಗ ವಿಫಲವಾಯಿತು ಎನ್ನುವವರಿಗೆ ಅಂಕಿಗಳ ಬೆಂಬಲವೂ ದೊರೆತಂತಾಗಿತ್ತು. ಆ ಚಳಿಗಾಲದಲ್ಲಿ ಡೋಬಿ ಪ್ಯಾಟರ್ಸನ್ ಪ್ಯಾಂಥರ್ಸ್ ಪರ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಆಡಿದರು.

1948: ಗೆಲುವಿನ ವರ್ಷ

ಮುಂದಿನ ಋತುವಿಗೆ ಮೊದಲು ತಂಡದ ತರಬೇತುದಾರರು ಡೋಬಿಗೆ ಹೊಸ ಪಾತ್ರ ನೀಡಿದರು. ಸೆಕೆಂಡ್ ಬೇಸ್ ಬಿಟ್ಟು ಔಟ್‌ಫೀಲ್ಡ್‌ಗೆ, ಅಂದರೆ ಕ್ರಿಕೆಟ್‌ನ ಭಾಷೆಯಲ್ಲಿ ಬೌಂಡರಿ ಕಡೆಯ ಕ್ಷೇತ್ರರಕ್ಷಣೆಗೆ, ಅವರನ್ನು ಕಳುಹಿಸಲಾಯಿತು. ಇದಕ್ಕೆ ಗುರುವಾಗಿ ಸಿಕ್ಕವರು ಕ್ಲೀವ್‌ಲ್ಯಾಂಡ್‌ನ ಹಿಂದಿನ ತಲೆಮಾರಿನ ಮಹಾನ್ ಸೆಂಟರ್ ಫೀಲ್ಡ್ ಆಟಗಾರ ಟ್ರಿಸ್ ಸ್ಪೀಕರ್. ಚೆಂಡು ಬ್ಯಾಟ್ ಬಿಟ್ಟ ಶಬ್ದ ಕೇಳಿದೊಡನೆ ಅದು ಬೀಳುವ ಜಾಗಕ್ಕೆ ಓಡುವ ಕಲೆಯನ್ನು ಡೋಬಿ ಒಂದೇ ಋತುವಿನಲ್ಲಿ ಕರಗತ ಮಾಡಿಕೊಂಡರು.

ತರಬೇತಿ ಶಿಬಿರ ನಡೆದದ್ದು ಅರಿಜೋನಾ ರಾಜ್ಯದ ಟೂಸಾನ್‌ನಲ್ಲಿ. ಜತೆ ಆಟಗಾರರು ನಗರದ ಹೋಟೆಲಿನಲ್ಲಿ ಉಳಿದರು. ಡೋಬಿಗೆ ಅಲ್ಲಿ ಪ್ರವೇಶವಿರಲಿಲ್ಲವಾದ್ದರಿಂದ ಅವರು ಸ್ಥಳೀಯ ಕಪ್ಪು ಕುಟುಂಬವೊಂದರ ಮನೆಯಲ್ಲಿ ತಂಗಿದರು. ಈ ಪರಿಪಾಠ ಒಂದೆರಡು ದಿನಗಳದ್ದಲ್ಲ, ವರ್ಷಗಳ ಕಾಲ ಮುಂದುವರಿಯಿತು. ಮೈದಾನದಲ್ಲಿ ಜತೆಗಾರರು, ಪಂದ್ಯ ಮುಗಿದ ಮೇಲೆ ಡೋಬಿ ಒಂದು ದಾರಿ, ತಂಡ ಇನ್ನೊಂದು ದಾರಿ. ಸೋತ ದಿನ ಮನಸ್ಸು ಹಗುರ ಮಾಡಿಕೊಳ್ಳಲು, ಗೆದ್ದ ದಿನ ಸಂಭ್ರಮಿಸಲು ಪಕ್ಕದಲ್ಲಿ ಯಾರೂ ಇರುತ್ತಿರಲಿಲ್ಲ. ಬೈಗುಳಕ್ಕಿಂತ ಈ ಒಂಟಿತನವೇ ಹೆಚ್ಚು ನೋಯಿಸಿತ್ತೆಂಬುದು ಅವರ ನಂತರದ ಮಾತುಗಳಿಂದ ತಿಳಿಯುತ್ತದೆ. ಎದುರಾಳಿ ಆಟಗಾರನೊಬ್ಬ ಒಮ್ಮೆ ತಮ್ಮ ಮುಖಕ್ಕೆ ಉಗುಳಿದ ಸಂಗತಿಯನ್ನೂ ಅವರು ಹೇಳಿದ್ದುಂಟು. ಆಗಾಗ ರಾಬಿನ್ಸನ್ ಜತೆ ದೂರವಾಣಿಯಲ್ಲಿ ಮಾತನಾಡುವುದೇ ಇಬ್ಬರಿಗೂ ಇದ್ದ ಸಮಾಧಾನ.

1948ರ ಜುಲೈನಲ್ಲಿ ನೀಗ್ರೋ ಲೀಗ್‌ಗಳ ದಂತಕಥೆ, ಪಿಚರ್ ಸ್ಯಾಚೆಲ್ ಪೇಜ್ ತಂಡ ಸೇರಿದರು. ಡೋಬಿ ಆ ಋತುವಿನಲ್ಲಿ 0.301 ಬ್ಯಾಟಿಂಗ್ ಸರಾಸರಿಯೊಂದಿಗೆ 14 ಹೋಮ್ ರನ್ ಬಾರಿಸಿದರು. ಬೇಸ್‌ಬಾಲ್‌ನಲ್ಲಿ ಹತ್ತು ಬಾರಿ ಬ್ಯಾಟ್ ಹಿಡಿದು ಮೂರು ಬಾರಿ ಯಶಸ್ವಿಯಾದವನನ್ನು ಒಳ್ಳೆಯ ಬ್ಯಾಟರ್ ಎನ್ನುತ್ತಾರೆ. ಆ ಮಟ್ಟವನ್ನು ಡೋಬಿ ತಮ್ಮ ಮೊದಲ ಪೂರ್ಣ ಋತುವಿನಲ್ಲೇ ಮುಟ್ಟಿದರು. ಋತುವಿನ ಕೊನೆಗೆ ಕ್ಲೀವ್‌ಲ್ಯಾಂಡ್ ಮತ್ತು ಬಾಸ್ಟನ್ ರೆಡ್ ಸಾಕ್ಸ್ ಸಮಬಲ ಸಾಧಿಸಿದ್ದವು. ಅಕ್ಟೋಬರ್ 4ರ ನಿರ್ಣಾಯಕ ಪಂದ್ಯವನ್ನು 8-3ರಿಂದ ಗೆದ್ದ ಕ್ಲೀವ್‌ಲ್ಯಾಂಡ್ ವರ್ಲ್ಡ್ ಸೀರೀಸ್ ಪ್ರವೇಶಿಸಿತು. ಅಲ್ಲಿ ಎದುರಾಳಿ ಬಾಸ್ಟನ್ ಬ್ರೇವ್ಸ್.

ಒಂದು ಛಾಯಾಚಿತ್ರ

ಅಕ್ಟೋಬರ್ 9ರಂದು ಕ್ಲೀವ್‌ಲ್ಯಾಂಡ್ ನಗರದಲ್ಲಿ ಸರಣಿಯ ನಾಲ್ಕನೇ ಪಂದ್ಯ. ಕ್ರೀಡಾಂಗಣದಲ್ಲಿ 81,897 ಪ್ರೇಕ್ಷಕರು. ಮೂರನೇ ಇನಿಂಗ್ಸ್‌ನಲ್ಲಿ ಬ್ರೇವ್ಸ್‌ನ ಪ್ರಮುಖ ಪಿಚರ್ ಜಾನಿ ಸೇನ್ ಎಸೆದ ಚೆಂಡನ್ನು ಡೋಬಿ ಬೇಲಿಯಾಚೆಗೆ ಅಟ್ಟಿದರು. ವರ್ಲ್ಡ್ ಸೀರೀಸ್ ಇತಿಹಾಸದಲ್ಲಿ ಕಪ್ಪು ಆಟಗಾರನೊಬ್ಬ ಬಾರಿಸಿದ ಮೊದಲ ಹೋಮ್ ರನ್ ಅದು. ಕ್ಲೀವ್‌ಲ್ಯಾಂಡ್ ಪಂದ್ಯವನ್ನು ಗೆದ್ದದ್ದು 2-1ರಿಂದ. ಅಂದರೆ ಡೋಬಿ ಗಳಿಸಿದ ಆ ಒಂದು ರನ್ನೇ ಗೆಲುವಿನ ಅಂತರ.

ಪಂದ್ಯದ ನಂತರ ಡ್ರೆಸಿಂಗ್ ಕೊಠಡಿಯಲ್ಲಿ ಇಡೀ ಪಂದ್ಯ ಎಸೆದು ಗೆಲ್ಲಿಸಿದ ಬಿಳಿಯ ಪಿಚರ್ ಸ್ಟೀವ್ ಗ್ರೋಮೆಕ್, ಡೋಬಿಯನ್ನು ಬಿಗಿದಪ್ಪಿಕೊಂಡರು. ಕೆನ್ನೆಗೆ ಕೆನ್ನೆ ಒತ್ತಿ ಇಬ್ಬರೂ ಬಾಯ್ತುಂಬ ನಗುತ್ತಿದ್ದ ಆ ಕ್ಷಣವನ್ನು ಛಾಯಾಗ್ರಾಹಕರೊಬ್ಬರು ಸೆರೆಹಿಡಿದರು. ಮರುದಿನ ದೇಶದಾದ್ಯಂತ ಪತ್ರಿಕೆಗಳಲ್ಲಿ ಆ ಚಿತ್ರ ಪ್ರಕಟವಾಯಿತು. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು-ಬಿಳಿಯರು ಒಂದೇ ನಲ್ಲಿಯ ನೀರು ಕುಡಿಯಲು ಕಾನೂನಿನ ಅಡ್ಡಿಯಿದ್ದ ಕಾಲವದು. ಇಬ್ಬರು ಗಂಡಸರು ಬಣ್ಣ ಮರೆತು ಅಪ್ಪಿಕೊಂಡ ಚಿತ್ರ ಹಲವರಿಗೆ ಹಿಡಿಸಲಿಲ್ಲ. ಗ್ರೋಮೆಕ್ ತಮ್ಮ ಊರಿನವರಿಂದಲೇ ಮೂದಲಿಕೆ ಕೇಳಬೇಕಾಯಿತು. ಅವರು ಅದಕ್ಕೆ ಸೊಪ್ಪುಹಾಕಲಿಲ್ಲ. ಹೋಮ್ ರನ್‌ಗಿಂತ ಆ ಅಪ್ಪುಗೆಯೇ ತಮಗೆ ದೊಡ್ಡದು ಎಂಬ ಭಾವನೆ ಡೋಬಿಗೆ ಕೊನೆಯವರೆಗೂ ಇತ್ತು.

ಆರು ಪಂದ್ಯಗಳಲ್ಲಿ ಸರಣಿಯನ್ನು ಗೆದ್ದ ಕ್ಲೀವ್‌ಲ್ಯಾಂಡ್‌ನ ಪರ ಡೋಬಿ ಅವರ ಸರಾಸರಿ 0.318. ವರ್ಲ್ಡ್ ಸೀರೀಸ್ ಗೆದ್ದ ತಂಡದಲ್ಲಿದ್ದ ಮೊದಲ ಕಪ್ಪು ಆಟಗಾರರೆಂಬ ಗೌರವ ಡೋಬಿ ಮತ್ತು ಪೇಜ್ ಅವರದು. ಆ ವರ್ಷ ಕ್ಲೀವ್‌ಲ್ಯಾಂಡ್‌ನ ತವರಿನ ಪಂದ್ಯಗಳನ್ನು 26 ಲಕ್ಷಕ್ಕೂ ಹೆಚ್ಚು ಮಂದಿ ವೀಕ್ಷಿಸಿದರು. ಕಪ್ಪು ಆಟಗಾರರಿದ್ದರೆ ಪ್ರೇಕ್ಷಕರು ದೂರವಾಗುತ್ತಾರೆ ಎಂಬ ಮಾಲೀಕರ ವಾದಕ್ಕೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕಿರಲಿಲ್ಲ.

ಉತ್ತುಂಗದ ಏಳು ವರ್ಷ

1949ರಿಂದ 1955ರವರೆಗೆ ಸತತ ಏಳು ಬಾರಿ ಡೋಬಿ ಆಲ್‌ಸ್ಟಾರ್ ತಂಡಕ್ಕೆ ಆಯ್ಕೆಯಾದರು. 1949ರ ಆಲ್‌ಸ್ಟಾರ್ ಪಂದ್ಯ ನಡೆದದ್ದು ಬ್ರೂಕ್ಲಿನ್‌ನಲ್ಲಿ. ನ್ಯಾಷನಲ್ ಲೀಗ್ ಪರ ರಾಬಿನ್ಸನ್, ರಾಯ್ ಕ್ಯಾಂಪನೆಲ್ಲಾ, ಡಾನ್ ನ್ಯೂಕೂಂಬ್, ಅಮೆರಿಕನ್ ಲೀಗ್ ಪರ ಡೋಬಿ, ಹೀಗೆ ನಾಲ್ವರು ಕಪ್ಪು ಆಟಗಾರರು ಆ ವೇದಿಕೆಯನ್ನು ಮೊದಲ ಬಾರಿಗೆ ಏರಿದರು.

1950ರಲ್ಲಿ ಡೋಬಿ 0.326 ಸರಾಸರಿಯಲ್ಲಿ 25 ಹೋಮ್ ರನ್ ಗಳಿಸಿದರು. 1952ರಲ್ಲಿ 32 ಹೋಮ್ ರನ್‌ಗಳೊಂದಿಗೆ ಅಮೆರಿಕನ್ ಲೀಗಿನ ಅಗ್ರಸ್ಥಾನ ಪಡೆದರು. ಆ ಲೀಗಿನಲ್ಲಿ ಕಪ್ಪು ಆಟಗಾರನಿಗೆ ಈ ಸ್ಥಾನ ಸಿಕ್ಕಿದ್ದು ಅದೇ ಮೊದಲು. ಅದೇ ವರ್ಷ 104 ರನ್ ಗಳಿಸಿ ಅದರಲ್ಲೂ ಲೀಗಿಗೇ ಮೊದಲಿಗರೆನಿಸಿದರು.

ಅವರ ವೃತ್ತಿಜೀವನದ ಶಿಖರ 1954. ಕ್ಲೀವ್‌ಲ್ಯಾಂಡ್ ಆ ಋತುವಿನ 154 ಪಂದ್ಯಗಳಲ್ಲಿ 111ನ್ನು ಗೆದ್ದು ಲೀಗಿನ ಹೊಸ ದಾಖಲೆ ಬರೆಯಿತು. ಡೋಬಿ 32 ಹೋಮ್ ರನ್ ಬಾರಿಸಿದರು. ತಮ್ಮ ಹೊಡೆತಗಳಿಂದ ತಂಡಕ್ಕೆ 126 ರನ್‌ಗಳನ್ನು ತಂದರು. ಎರಡರಲ್ಲೂ ಲೀಗಿಗೇ ಪ್ರಥಮ. ಆ ವರ್ಷ ಕ್ಲೀವ್‌ಲ್ಯಾಂಡ್‌ನಲ್ಲೇ ನಡೆದ ಆಲ್‌ಸ್ಟಾರ್ ಪಂದ್ಯದಲ್ಲಿ ಬದಲಿ ಬ್ಯಾಟರ್ ಆಗಿ ಇಳಿದು ಹೋಮ್ ರನ್ ಬಾರಿಸಿದರು. ಆದರೆ ಲೀಗಿನ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ನ್ಯೂಯಾರ್ಕ್ ಯಾಂಕೀಸ್‌ನ ಯೋಗಿ ಬೆರಾ ಪಾಲಾಯಿತು. ಡೋಬಿಗೆ ಮತ್ತೆ ಎರಡನೇ ಸ್ಥಾನ.

ವರ್ಲ್ಡ್ ಸೀರೀಸ್ ಕೂಡ ನಿರಾಸೆ ತಂದಿತು. ನ್ಯೂಯಾರ್ಕ್ ಜಯಂಟ್ಸ್ ನಾಲ್ಕೂ ಪಂದ್ಯಗಳನ್ನು ಗೆದ್ದಿತು. ಮೊದಲ ಪಂದ್ಯದ ಎಂಟನೇ ಇನಿಂಗ್ಸ್‌ನಲ್ಲಿ, ಉಭಯ ತಂಡಗಳು 2-2 ಸಮಬಲದಲ್ಲಿದ್ದಾಗ, ಕ್ಲೀವ್‌ಲ್ಯಾಂಡ್‌ನ ವಿಕ್ ವರ್ಟ್ಸ್ ಹೊಡೆದ ಚೆಂಡನ್ನು ವಿಲ್ಲಿ ಮೇಸ್ ಬೆನ್ನು ತಿರುಗಿಸಿ ಓಡುತ್ತಲೇ ಹಿಡಿದದ್ದು ಬೇಸ್‌ಬಾಲ್‌ನ ಅತಿ ಪ್ರಸಿದ್ಧ ಕ್ಯಾಚ್. ಆಗ ಸೆಕೆಂಡ್ ಬೇಸ್‌ನಲ್ಲಿ ನಿಂತು ಓಡಲು ಸಿದ್ಧರಾಗಿದ್ದವರು ಡೋಬಿ. ಚೆಂಡು ನೆಲಕ್ಕೆ ಬಿದ್ದಿದ್ದರೆ ತಂಡಕ್ಕೆ ಮುನ್ನಡೆ ಖಚಿತವಾಗಿತ್ತು. ಕ್ಯಾಚ್ ಆದ್ದರಿಂದ ಅವರು ಥರ್ಡ್ ಬೇಸ್‌ವರೆಗೆ ಮಾತ್ರ ಸಾಗಲು ಸಾಧ್ಯವಾಯಿತು.

ಇಳಿಹಾದಿ

1955ರ ಋತು ಮುಗಿದ ಮೇಲೆ ಡೋಬಿಯನ್ನು ಷಿಕಾಗೊ ವೈಟ್ ಸಾಕ್ಸ್‌ಗೆ ಕೊಟ್ಟು ಇಬ್ಬರು ಆಟಗಾರರನ್ನು ಕ್ಲೀವ್‌ಲ್ಯಾಂಡ್ ಪಡೆಯಿತು. ಹೊಸ ತಂಡದಲ್ಲಿ 1956ರಲ್ಲಿ 24 ಹೋಮ್ ರನ್ ಗಳಿಸಿದರು. 1957ರ ಜೂನ್‌ನಲ್ಲಿ ಯಾಂಕೀಸ್ ಪಿಚರ್ ಆರ್ಟ್ ಡಿಟ್‌ಮಾರ್ ತಲೆಗೆ ಸಮೀಪವಾಗಿ ಚೆಂಡೆಸೆದಾಗ ಡೋಬಿ ಕೈಮಾಡಿದರು. ಹತ್ತು ವರ್ಷ ಉತ್ತರ ಕೊಡದೆ ನುಂಗಿಕೊಂಡವರ ಸಹನೆಗೂ ಮಿತಿಯಿತ್ತು.

ಗಾಯಗಳು ಹೆಚ್ಚಾದವು. ಕ್ಲೀವ್‌ಲ್ಯಾಂಡ್‌ಗೆ ಮರಳಿದರು, ಅಲ್ಲಿಂದ ಡೆಟ್ರಾಯಿಟ್, ಮತ್ತೆ ಷಿಕಾಗೊ. 1959ರ ಜುಲೈನಲ್ಲಿ ಉನ್ನತ ದರ್ಜೆಯ ಆಟ ಕೊನೆಗೊಂಡಿತು. ಅದೇ ವರ್ಷ ಕೆಳ ದರ್ಜೆಯ ತಂಡವೊಂದರಲ್ಲಿ ಆಡುತ್ತಿದ್ದಾಗ ಕಣಕಾಲಿನ ಮೂಳೆ ಮುರಿಯಿತು. 1962ರಲ್ಲಿ ನ್ಯೂಕೂಂಬ್ ಜತೆ ಜಪಾನಿಗೆ ತೆರಳಿ ಚುನಿಚಿ ಡ್ರಾಗನ್ಸ್ ಪರ ಒಂದು ಋತು ಆಡಿದರು.

ಬೋಸ್ಟನ್ ರೆಡ್ ಸಾಕ್ಸ್ ತಂಡವು ತನ್ನ ಮೊದಲ ಕಪ್ಪು ಆಟಗಾರನನ್ನು ಕಣಕ್ಕಿಳಿಸಿದ್ದು 1959ರಲ್ಲಿ. ಡೋಬಿ ಲೀಗಿನ ಬಾಗಿಲು ತೆರೆದು ಹನ್ನೆರಡು ವರ್ಷಗಳಾಗಿದ್ದವು. ಅವರ ವೃತ್ತಿಜೀವನವೇ ಮುಗಿಯುತ್ತಾ ಬಂದಿತ್ತು. ಯಾಂಕೀಸ್ 1955ರವರೆಗೆ, ಡೆಟ್ರಾಯಿಟ್ 1958ರವರೆಗೆ ಕಾದಿದ್ದವು. ಅಮೆರಿಕನ್ ಲೀಗ್ ಎಷ್ಟು ನಿಧಾನವಾಗಿ ಬದಲಾಯಿತು ಎಂಬುದಕ್ಕೆ ಈ ವರ್ಷಗಳೇ ಸಾಕ್ಷಿ. ಈ ಅವಧಿಯ ಬಹುಭಾಗ ಆ ಲೀಗಿನ ಅನೇಕ ಮೈದಾನಗಳಲ್ಲಿ ಡೋಬಿ ಎದುರಿಸಿದ್ದು ಬಿಳಿಯರೇ ತುಂಬಿದ ತಂಡಗಳನ್ನು.

ಇನ್ನೊಂದು ಬೆಲೆಯನ್ನೂ ಇಲ್ಲಿ ಲೆಕ್ಕಕ್ಕೆ ಹಿಡಿಯಬೇಕು. ಪ್ರತಿಭಾವಂತರು ದೊಡ್ಡ ಲೀಗ್‌ಗಳತ್ತ ಹೊರಳಿದಂತೆ ಕಪ್ಪು ಪ್ರೇಕ್ಷಕರೂ ಅವರನ್ನು ಹಿಂಬಾಲಿಸಿದರು. ನೀಗ್ರೋ ನ್ಯಾಷನಲ್ ಲೀಗ್ 1948ರ ಋತುವಿನ ಬಳಿಕ ಮುಚ್ಚಿಹೋಯಿತು. ಡೋಬಿಯನ್ನು ಬೆಳೆಸಿದ ಈಗಲ್ಸ್ ತಂಡವನ್ನು ಮ್ಯಾನ್ಲಿ ಕುಟುಂಬ ಮಾರಿತು. ತಂಡ ನ್ಯೂಆರ್ಕ್ ತೊರೆಯಿತು.

ವ್ಯವಸ್ಥಾಪಕರಾಗಿ: ಮತ್ತೊಮ್ಮೆ ಎರಡನೆಯವರು

ನಿವೃತ್ತಿಯ ನಂತರ ಡೋಬಿ ಮಾಂಟ್ರಿಯಲ್ ಎಕ್ಸ್‌ಪೋಸ್, ಕ್ಲೀವ್‌ಲ್ಯಾಂಡ್, ವೈಟ್ ಸಾಕ್ಸ್ ತಂಡಗಳಲ್ಲಿ ತರಬೇತುದಾರರಾಗಿ ದುಡಿದರು. ತಂಡವೊಂದರ ವ್ಯವಸ್ಥಾಪಕರಾಗಬೇಕೆಂಬ ಆಸೆಯನ್ನು ಅವರು ಮುಚ್ಚಿಟ್ಟಿರಲಿಲ್ಲ. 1974ರಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಆ ಹುದ್ದೆ ತೆರವಾದಾಗ ಡೋಬಿ ಅದೇ ತಂಡದ ತರಬೇತುದಾರರಾಗಿದ್ದರು. ಆದರೆ ಆಯ್ಕೆಯಾದವರು ಫ್ರಾಂಕ್ ರಾಬಿನ್ಸನ್. 1975ರಲ್ಲಿ ಅವರು ಮೊದಲ ಕಪ್ಪು ವ್ಯವಸ್ಥಾಪಕರೆನಿಸಿದರು.

1978ರ ಜೂನ್ 30ರಂದು ವೈಟ್ ಸಾಕ್ಸ್ ತಂಡ ಡೋಬಿಗೆ ಆ ಹೊಣೆ ವಹಿಸಿತು. ಆ ತಂಡದ ಅಂದಿನ ಮಾಲೀಕರು ಬೇರಾರೂ ಅಲ್ಲ, ಬಿಲ್ ವೀಕ್. ಡೋಬಿ ಎರಡನೇ ಕಪ್ಪು ವ್ಯವಸ್ಥಾಪಕರಾದರು. ಅವರು ಸ್ಥಾನ ತುಂಬಿದ್ದು 1948ರ ವಿಜೇತ ತಂಡದಲ್ಲಿ ತಮ್ಮ ಜತೆಗಿದ್ದ ಬಾಬ್ ಲೆಮನ್ ಅವರದು. ಸೋಲುತ್ತಿದ್ದ ತಂಡವನ್ನು ಅರ್ಧ ಋತುವಿನಲ್ಲಿ ಎತ್ತಲಾಗಲಿಲ್ಲ. 37 ಗೆಲುವು, 50 ಸೋಲು. ಋತು ಮುಗಿಯುತ್ತಿದ್ದಂತೆ ಹುದ್ದೆಯೂ ಹೋಯಿತು. ಮತ್ತೊಂದು ಅವಕಾಶ ಅವರಿಗೆ ಬರಲೇ ಇಲ್ಲ.

ತಡವಾಗಿ ಬಂದ ಮನ್ನಣೆ

ಜಾಕಿ ರಾಬಿನ್ಸನ್ 1962ರಲ್ಲೇ ಬೇಸ್‌ಬಾಲ್ ಕೀರ್ತಿಭವನ ಸೇರಿದರು. ಡೋಬಿಗೆ ಆ ಗೌರವ ಬಂದದ್ದು 1998ರಲ್ಲಿ, 74ರ ಇಳಿವಯಸ್ಸಿನಲ್ಲಿ, ಹಿರಿಯ ಆಟಗಾರರ ಸಮಿತಿಯ ಮೂಲಕ. ಅದಕ್ಕೂ ಮೊದಲು 1994ರಲ್ಲಿ ಕ್ಲೀವ್‌ಲ್ಯಾಂಡ್ ತಂಡ ಅವರ 14ನೇ ಸಂಖ್ಯೆಯ ಸಮವಸ್ತ್ರವನ್ನು ಇನ್ನಾರಿಗೂ ನೀಡದಂತೆ ಗೌರವ ನಿವೃತ್ತಿಗೊಳಿಸಿತ್ತು. 1997ರಲ್ಲಿ ರಾಬಿನ್ಸನ್ ಪ್ರವೇಶದ ಸುವರ್ಣ ವರ್ಷವನ್ನು ದೇಶವೇ ಆಚರಿಸಿ, ಅವರ 42ನೇ ಸಂಖ್ಯೆಯನ್ನು ಎಲ್ಲ ತಂಡಗಳೂ ಕೈಬಿಟ್ಟವು. ಅದೇ ವರ್ಷದ ಜುಲೈನಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ನಡೆದ ಆಲ್‌ಸ್ಟಾರ್ ಪಂದ್ಯದ ಸಾಂಕೇತಿಕ ಮೊದಲ ಚೆಂಡೆಸೆಯುವ ಗೌರವ ಡೋಬಿಗೆ ಸಂದಿತು.

2003ರ ಜೂನ್ 18ರಂದು ನ್ಯೂಜೆರ್ಸಿಯ ಮಾಂಟ್‌ಕ್ಲೇರ್‌ನಲ್ಲಿ ಡೋಬಿ ನಿಧನ ಹೊಂದಿದರು. ಅವರಿಗೆ 79 ವರ್ಷವಾಗಿತ್ತು.

ಮನ್ನಣೆಯ ಸರಣಿ ಆ ಬಳಿಕವೂ ಮುಂದುವರಿಯಿತು. 2012ರಲ್ಲಿ ಅಮೆರಿಕದ ಅಂಚೆ ಇಲಾಖೆ ಅವರ ಚಿತ್ರದ ಅಂಚೆಚೀಟಿ ಹೊರತಂದಿತು. 2015ರಲ್ಲಿ ಕ್ಲೀವ್‌ಲ್ಯಾಂಡ್ ಕ್ರೀಡಾಂಗಣದ ಹೊರಗೆ ಪ್ರತಿಮೆ ಸ್ಥಾಪನೆಯಾಯಿತು. ನೀಗ್ರೋ ಲೀಗ್‌ಗಳಿಗೆ ಉನ್ನತ ದರ್ಜೆಯ ಮಾನ್ಯತೆಯನ್ನು 2020ರಲ್ಲಿ ಘೋಷಿಸಲಾಯಿತು. 2024ರಲ್ಲಿ ಅಲ್ಲಿನ ಅಂಕಿಗಳನ್ನು ಅಧಿಕೃತ ದಾಖಲೆಗಳಿಗೆ ಸೇರಿಸಲಾಯಿತು. ಹೀಗಾಗಿ ಈಗಲ್ಸ್ ಪರ ಡೋಬಿ ಆಡಿದ ಆಟಕ್ಕೂ ಲೆಕ್ಕ ಸಿಕ್ಕಿತು. ಅವರು ಮೊದಲ ಪರೀಕ್ಷೆ ಎದುರಿಸಿದ ಹಿಂಚ್‌ಲಿಫ್ ಕ್ರೀಡಾಂಗಣ ದಶಕಗಳ ಪಾಳುಸ್ಥಿತಿಯ ನಂತರ ಜೀರ್ಣೋದ್ಧಾರಗೊಂಡು 2023ರಲ್ಲಿ ಮರಳಿ ತೆರೆಯಿತು. ಅದೇ ವರ್ಷ ಡಿಸೆಂಬರ್ 13ರಂದು, ಅವರ ಜನ್ಮಶತಮಾನೋತ್ಸವದ ದಿನ, ಅಮೆರಿಕದ ಸಂಸತ್ತು ನೀಡುವ ಚಿನ್ನದ ಪದಕವನ್ನು ವಾಷಿಂಗ್ಟನ್‌ನಲ್ಲಿ ಅವರ ಕುಟುಂಬಕ್ಕೆ ಪ್ರದಾನ ಮಾಡಲಾಯಿತು.

ಕ್ಲೀವ್‌ಲ್ಯಾಂಡ್ ತಂಡ 1948ರ ಬಳಿಕ 1954, 1995, 1997 ಮತ್ತು 2016ರಲ್ಲಿ ವರ್ಲ್ಡ್ ಸೀರೀಸ್ ತಲುಪಿತಾದರೂ ನಾಲ್ಕು ಬಾರಿಯೂ ಸೋತಿತು. ಮೂಲನಿವಾಸಿಗಳ ಆಕ್ಷೇಪದ ಹಿನ್ನೆಲೆಯಲ್ಲಿ ‘ಇಂಡಿಯನ್ಸ್’ ಎಂಬ ಹೆಸರನ್ನು ಕೈಬಿಟ್ಟು 2022ರ ಋತುವಿನಿಂದ ‘ಗಾರ್ಡಿಯನ್ಸ್’ ಆಯಿತು. ಡೋಬಿ ತೊಟ್ಟ ಸಮವಸ್ತ್ರದ ಮೇಲಿನ ಹೆಸರು ಇತಿಹಾಸ ಸೇರಿದೆ.

ಡೋಬಿ ಎಂದೂ ರಾಬಿನ್ಸನ್ ಕೀರ್ತಿಗೆ ಕರುಬಲಿಲ್ಲ. ಮೊದಲಿಗನೊಬ್ಬ ಒಳಬಂದರೆ ಅದನ್ನು ಅಪವಾದವೆಂದು ತಳ್ಳಿಹಾಕಲು ಸಾಧ್ಯ. ಎರಡನೆಯವನೂ ಬಂದು, ನೆಲೆಯೂರಿ, ಗೆದ್ದು ತೋರಿಸಿದ ಮೇಲೆ ಅದನ್ನು ಅಪವಾದವೆನ್ನಲು ಬರುವುದಿಲ್ಲ. ಡೋಬಿ ಮಾಡಿದ್ದು ಆ ಕೆಲಸವನ್ನು.

ಲ್ಯಾರಿ ಡೋಬಿ: ಒಂದು ನೋಟ

ಜನನ: 1923ರ ಡಿಸೆಂಬರ್ 13, ಕ್ಯಾಮ್ಡೆನ್, ದಕ್ಷಿಣ ಕೆರೊಲಿನಾ
ನಿಧನ: 2003ರ ಜೂನ್ 18, ಮಾಂಟ್‌ಕ್ಲೇರ್, ನ್ಯೂಜೆರ್ಸಿ
ಅಮೆರಿಕನ್ ಲೀಗ್ ಪ್ರವೇಶ: 1947ರ ಜುಲೈ 5
ತಂಡಗಳು: ನ್ಯೂಆರ್ಕ್ ಈಗಲ್ಸ್, ಕ್ಲೀವ್‌ಲ್ಯಾಂಡ್ ಇಂಡಿಯನ್ಸ್, ಷಿಕಾಗೊ ವೈಟ್ ಸಾಕ್ಸ್, ಡೆಟ್ರಾಯಿಟ್ ಟೈಗರ್ಸ್, ಚುನಿಚಿ ಡ್ರಾಗನ್ಸ್
ಅಮೆರಿಕನ್ ಲೀಗ್ ಪಂದ್ಯಗಳು: 1,533
ಹಿಟ್‌ಗಳು: 1,515
ಹೋಮ್ ರನ್: 253
ತಂಡಕ್ಕೆ ತಂದ ರನ್: 970
ಬ್ಯಾಟಿಂಗ್ ಸರಾಸರಿ: 0.283
ಆಲ್‌ಸ್ಟಾರ್ ಆಯ್ಕೆ: 1949ರಿಂದ 1955ರವರೆಗೆ ಸತತ 7 ವರ್ಷ
ವರ್ಲ್ಡ್ ಸೀರೀಸ್ ವಿಜಯ: 1948
ಕೀರ್ತಿಭವನ: 1998